ಬಂಟ್ವಾಳದ ಮಲ್ಯರು ಮತ್ತು ಕಾಕಂಬಿಯ ವಿಸ್ಕಿ

ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ ಕಳೆದ ಹದಿನೈದು ವರ್ಷಗಳಿಂದ ಹೊಸ ಬಗೆಯ ರಸಿಕರ ವರ್ಗವೊಂದು ಬೆಳೆದುಬಂದಿದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ವಿದೇಶದಿಂದ ಬರುವವರು ಸುಂಕರಹಿತ ಮಳಿಗೆಯಿಂದ ಹಿಡಿದು ತರುವ ಬಾಟಲಿಗಳು ಮೊದಲು ತಲುಪುವುದು ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಮನೆಗಳನ್ನೇ. ವಾರಾಂತ್ಯದಲ್ಲಿ ನಾಲ್ಕಾರು ಗೆಳೆಯರು ಸೇರುತ್ತಾರೆ. ಕೆಂಟಕಿಯ ಬರ್ಬನ್ ಒಂದು, ಸ್ಕಾಟ್ಲೆಂಡಿನ ಮಾಲ್ಟ್ ಒಂದು, ನಮ್ಮದೇ ಮೈಸೂರು ರಸ್ತೆಯ ಅಮೃತ್ ಒಂದು ಎಂದು ಸಾಲಾಗಿ ಇಟ್ಟು, ಮೂಸಿ, ಹನಿ ನೀರು ಬೆರೆಸಿ, ಯಾವುದು ಮೇಲು ಎಂದು ರಾತ್ರಿಯವರೆಗೆ ವಾದಿಸುತ್ತಾರೆ. ಬರ್ಬನ್ನಿನ ಸಿಹಿ ಮರದಿಂದ ಬಂದದ್ದೋ ಮೆಕ್ಕೆಜೋಳದಿಂದ ಬಂದದ್ದೋ ಎಂಬ ಚರ್ಚೆಗೆ ಕೊನೆಯಿಲ್ಲ. ಇಂಥ ಮೇಜಿನ ಮೇಲೆ ಒಂದು ಬಾಟಲಿಗೆ ಮಾತ್ರ ಜಾಗ ಸಿಗುವುದು ಕಡಿಮೆ. ಅದು ಈ ರಸಿಕರ ತಂದೆ, ಚಿಕ್ಕಪ್ಪ, ಮಾವಂದಿರು ಮದುವೆ ಮನೆಯ ಹಿತ್ತಿಲಲ್ಲಿ, ಕ್ಲಬ್ಬಿನಲ್ಲಿ, ಮಿಲಿಟರಿ ಕ್ಯಾಂಟೀನಿನ ಕೋಟಾದಲ್ಲಿ ಪಡೆದು ಕುಡಿದ ದೇಶೀ ವಿಸ್ಕಿಯ ಬಾಟಲಿ.

ಹಾಗೆ ಮೇಜಿನಿಂದ ಹೊರಗುಳಿದ ಆ ವಿಸ್ಕಿಯ ಹಿಂದೆ ಒಬ್ಬ ಕನ್ನಡ ನಾಡಿನ ಮನುಷ್ಯರಿದ್ದಾರೆ. ಅವರ ಹೆಸರು ಬೆಂಗಳೂರಿಗರಿಗೆಲ್ಲ ಗೊತ್ತು, ಏಕೆಂದರೆ ನಗರದ ಮಧ್ಯದ ಒಂದು ರಸ್ತೆಗೆ ಅವರ ಹೆಸರಿದೆ. ಆದರೆ ರಸ್ತೆಯನ್ನು ಬಲ್ಲವರೆಲ್ಲ ಮನುಷ್ಯನನ್ನು ಬಲ್ಲವರಲ್ಲ. ಮಗನ ಅಬ್ಬರದ ಕೀರ್ತಿ ಮತ್ತು ಅಪಕೀರ್ತಿಗಳೆರಡರ ಅಡಿಯಲ್ಲೂ ಮುಚ್ಚಿಹೋದ ಆ ತಂದೆಯೇ ವಿಠಲ್ ಮಲ್ಯ.

ಹೆಸರಿನ ಬಗ್ಗೆ ಮೊದಲೇ ಒಂದು ಮಾತು. ಕರಾವಳಿಯವರು ಮಲ್ಯ ಎಂದೊಡನೆ ನೆನೆಯುವುದು ಮಂಗಳೂರಿಗೆ ಬಂದರು ತರಲು ದುಡಿದ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರನ್ನು. ವಿಠಲ್ ಮಲ್ಯರು ಬೇರೆ. ಇವರ ಮೂಲ ನೇತ್ರಾವತಿಯ ದಂಡೆಯ ಬಂಟ್ವಾಳ. ಗೌಡ ಸಾರಸ್ವತ ಸಮಾಜದವರು. ಅದೇ ಸಮಾಜದ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕನ್ನೂ, ಮಣಿಪಾಲದ ಟಿ.ಎಂ.ಎ. ಪೈಗಳು ಸಿಂಡಿಕೇಟ್ ಬ್ಯಾಂಕನ್ನೂ ಕಟ್ಟಿದರು. ಕಾಸಿಗೆ ಕಾಸು ಕೂಡಿಸುವ ಆ ಪರಂಪರೆಯ ಬುದ್ಧಿಯೇ ವಿಠಲರಲ್ಲೂ ಇತ್ತು. ಅವರು ಆರಿಸಿಕೊಂಡ ಸರಕು ಮಾತ್ರ ಬೇರೆಯಾಯಿತು.

1924ರ ಫೆಬ್ರುವರಿ 8ರಂದು ಜನಿಸಿದ ವಿಠಲರ ತಂದೆ ಲೆಫ್ಟಿನೆಂಟ್ ಕರ್ನಲ್ ಬಂಟ್ವಾಳ ಗಣಪತಿ ಮಲ್ಯರು ಬ್ರಿಟಿಷರ ಸೇನೆಯಲ್ಲಿ ವೈದ್ಯರಾಗಿದ್ದವರು. ಮಗನನ್ನು ಡೆಹ್ರಾಡೂನಿನ ಡೂನ್ ಶಾಲೆಗೆ ಕಳುಹಿಸಿದರು. ಮುಂದಿನ ಓದು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ನಡೆಯಿತು. ಅಂದಿನ ಕಲ್ಕತ್ತೆಯೆಂದರೆ ಇಂಗ್ಲಿಷ್ ಏಜೆನ್ಸಿ ಕಂಪನಿಗಳ ರಾಜಧಾನಿ. ಚಹಾ, ಸೆಣಬು, ಕಲ್ಲಿದ್ದಲು ಎಲ್ಲದರ ಷೇರುಗಳೂ ಅಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದವು. ಸೇನಾ ವೈದ್ಯರ ಮಗನಿಗೆ ಅಲ್ಲಿ ಹಿಡಿದ ಗೀಳು ಷೇರಿನದು. ಕಂಪನಿಗಳ ಅಢಾವೆ ಪತ್ರಿಕೆಗಳನ್ನು ಇತರರು ಕಾದಂಬರಿ ಓದುವಂತೆ ಓದುತ್ತಿದ್ದರೆಂದು ಅವರನ್ನು ಬಲ್ಲವರು ಬಣ್ಣಿಸುವುದುಂಟು.

ಕಾಲವೂ ಅವರಿಗೆ ಅನುಕೂಲವಾಗಿತ್ತು. 1946-47ರ ಹೊತ್ತಿಗೆ ಬಿಳಿಯರು ಗಂಟುಮೂಟೆ ಕಟ್ಟುತ್ತಿದ್ದರು. ಸ್ವತಂತ್ರ ಭಾರತದಲ್ಲಿ ತಮ್ಮ ವ್ಯಾಪಾರ ಉಳಿಯುವುದೇ ಎಂಬ ಅಳುಕು ಅವರನ್ನು ಕಾಡುತ್ತಿತ್ತು. ಅದರಲ್ಲೂ ಮದ್ಯದ ಕಂಪನಿಗಳವರಿಗೆ ಅಳುಕು ಇಮ್ಮಡಿಯಾಗಿತ್ತು. ಅಧಿಕಾರಕ್ಕೆ ಬರುವವರು ಗಾಂಧೀಜಿಯವರ ಅನುಯಾಯಿಗಳು. ರಾಜಾಜಿಯವರು 1937ರಲ್ಲೇ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ಆರಂಭಿಸಿದ್ದರು. ಹೀಗಿರುವಾಗ ಬಿಯರ್ ಕಂಪನಿಯ ಷೇರನ್ನು ಯಾರು ಕೊಂಡಾರು?

ಇಪ್ಪತ್ತೆರಡರ ವಿಠಲ್ ಮಲ್ಯ ಕೊಂಡರು. ಯುನೈಟೆಡ್ ಬ್ರೂವರೀಸ್ ಎಂಬ ಆ ಕಂಪನಿಯನ್ನು ಸ್ಕಾಟ್ಲೆಂಡಿನ ಥಾಮಸ್ ಲೀಷ್‌ಮನ್ 1915ರಲ್ಲಿ ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಒಟ್ಟುಗೂಡಿಸಿ ಕಟ್ಟಿದ್ದ. ಬೆಂಗಳೂರಿನ ದಂಡು, ನೀಲಗಿರಿಯ ತಂಪು ಬೆಟ್ಟಗಳು, ಮದ್ರಾಸಿನ ಕೋಟೆ, ಎಲ್ಲಿ ಬ್ರಿಟಿಷ್ ಸಿಪಾಯಿಗಳಿದ್ದರೋ ಅಲ್ಲಿಗೆ ದೊಡ್ಡ ದೊಡ್ಡ ಪೀಪಾಯಿಗಳಲ್ಲಿ ಅದರ ಬಿಯರ್ ಹೋಗುತ್ತಿತ್ತು. ಸಿಪಾಯಿಗಳು ಹಡಗು ಹತ್ತುವ ವೇಳೆಗೆ ಕಂಪನಿಯ ಗಿರಾಕಿಗಳೇ ದೇಶ ಬಿಟ್ಟಂತಾಯಿತು. ಷೇರಿನ ಬೆಲೆ ಇಳಿದಿತ್ತು. ಸದ್ದಿಲ್ಲದೆ ಕೊಂಡುಕೊಂಡ ಮಲ್ಯರು 1947ರಲ್ಲಿ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು. ಮರುವರ್ಷವೇ ಆರ್.ಜಿ.ಎನ್. ಪ್ರೈಸ್ ಅವರ ಸ್ಥಾನದಲ್ಲಿ ಅಧ್ಯಕ್ಷರಾಗಿ ಕುಳಿತರು. ಆಗ ಅವರಿಗೆ ಇಪ್ಪತ್ನಾಲ್ಕು ವರ್ಷ.

ನಿಷೇಧದ ನೆರಳಲ್ಲಿ

ಅಧ್ಯಕ್ಷರಾದ ವರ್ಷದಲ್ಲೇ, 1948ರಲ್ಲಿ, ಮದ್ರಾಸ್ ಪ್ರಾಂತ್ಯವಿಡೀ ಪಾನನಿಷೇಧಕ್ಕೆ ಒಳಪಟ್ಟಿತು. ಮಲ್ಯರ ಪೂರ್ವಿಕರ ಬಂಟ್ವಾಳವೂ ಆ ಪ್ರಾಂತ್ಯಕ್ಕೇ ಸೇರಿತ್ತು ಎಂಬುದನ್ನು ಗಮನಿಸಬೇಕು. ಕಂಪನಿಯ ಒಡೆಯನ ಸ್ವಂತ ಊರಿನಲ್ಲಿಯೇ ಕಂಪನಿಯ ಸರಕು ಅಪರಾಧವಾಯಿತು. ಮುಂಬಯಿ ಪ್ರಾಂತ್ಯ ಮದ್ರಾಸಿನ ಹಾದಿ ಹಿಡಿಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 47ನೆಯ ವಿಧಿ ಮಾದಕ ಪಾನೀಯಗಳ ನಿಷೇಧಕ್ಕೆ ಯತ್ನಿಸುವುದನ್ನು ಸರ್ಕಾರದ ಕರ್ತವ್ಯಗಳಲ್ಲಿ ಸೇರಿಸಿತು. ಯಾವ ಲೆಕ್ಕದಿಂದ ನೋಡಿದರೂ ಇದು ಮುಳುಗುವ ವ್ಯಾಪಾರವಾಗಿತ್ತು.

ಮಲ್ಯರ ಲೆಕ್ಕ ಬೇರೆಯಿತ್ತು. ಮದ್ಯದ ಮೇಲಿನ ಅಧಿಕಾರವನ್ನು ಸಂವಿಧಾನ ರಾಜ್ಯಗಳಿಗೆ ಕೊಟ್ಟಿದೆ. ತಯಾರಿಕೆ, ಸಾಗಣೆ, ಮಾರಾಟ, ಸುಂಕ ಎಲ್ಲವೂ ರಾಜ್ಯದ್ದೇ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಬಾಟಲಿ ಒಯ್ಯಬೇಕಾದರೆ ಹೊರಹೋಗುವಾಗ ಒಂದು ಶುಲ್ಕ, ಒಳಬರುವಾಗ ಇನ್ನೊಂದು ಶುಲ್ಕ. ಹೀಗಾಗಿ ಮದ್ಯದ ಪಾಲಿಗೆ ಭಾರತವೆಂಬುದು ಒಂದು ಮಾರುಕಟ್ಟೆಯಲ್ಲ, ಹತ್ತಾರು ದೇಶಗಳ ಗುಂಪು. ಎಲ್ಲ ರಾಜ್ಯಗಳೂ ಒಟ್ಟಿಗೆ ನಿಷೇಧ ಹೇರಲಾರವು, ಹೇರಿದರೂ ಒಟ್ಟಿಗೆ ಉಳಿಸಿಕೊಳ್ಳಲಾರವು. ಖಜಾನೆ ಬರಿದಾದಾಗ ಒಂದೊಂದೇ ಸರ್ಕಾರ ಅಬಕಾರಿಯ ಕಡೆಗೆ ತಿರುಗಿ ನೋಡುತ್ತದೆ. ಅಲ್ಲಿಯವರೆಗೆ ಕಾಯುವ ತಾಳ್ಮೆಯುಳ್ಳವನಿಗೆ ಇಂದು ಕವಡೆ ಬೆಲೆಗೆ ಸಿಗುವ ಕಾರ್ಖಾನೆ ನಾಳೆ ಚಿನ್ನದ ಗಣಿ. ಹೊಸ ಕಾರ್ಖಾನೆಗೆ ಪರವಾನಗಿ ದೊರೆಯುವುದು ದುರ್ಲಭವಾಗಿದ್ದ ಆ ದಿನಗಳಲ್ಲಿ, ಪರವಾನಗಿಯಿರುವ ಹಳೆಯ ಕಂಪನಿಯನ್ನು ಕೊಳ್ಳುವುದೇ ಜಾಣತನವಾಗಿತ್ತು.

ಮುಂದಿನ ಮೂವತ್ತೈದು ವರ್ಷ ಅವರು ಮಾಡಿದ್ದು ಇದನ್ನೇ. 1950ರಲ್ಲಿ ಜಾಮ್, ಸ್ಕ್ವಾಷ್ ತಯಾರಿಸುವ ಕಿಸಾನ್ ಸಂಸ್ಥೆಯನ್ನು ಕೊಂಡರು. ಮದ್ಯಕ್ಕೆ ಕುತ್ತು ಬಂದರೆ ಹಣ್ಣಿನ ರಸವಾದರೂ ಇರಲಿ ಎಂಬ ಎಚ್ಚರ ಅದರಲ್ಲಿ ಇದ್ದಿರಬಹುದು. ಬೆಂಗಳೂರಿನ ಒಂದು ತಲೆಮಾರಿನ ಮಕ್ಕಳು ಬ್ರೆಡ್ಡಿಗೆ ಸವರಿದ ಜಾಮಿನ ಬಾಟಲಿಯೂ ಅವರಪ್ಪಂದಿರ ಬಿಯರ್ ಬಾಟಲಿಯೂ ಒಬ್ಬರದೇ ಒಡೆತನದ್ದೆಂಬುದು ಆ ಮಕ್ಕಳಿಗೆ ತಿಳಿದಿರಲಾರದು.

1951ರಲ್ಲಿ ಮೆಕ್‌ಡೊವೆಲ್ ಅವರ ಕೈಸೇರಿತು. ಆಂಗಸ್ ಮೆಕ್‌ಡೊವೆಲ್ ಎಂಬ ಸ್ಕಾಟ್ ವ್ಯಾಪಾರಿ 1826ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ಸಂಸ್ಥೆ ಅದು. ಅಲ್ಲಿನ ಸೇಂಟ್ ಜಾರ್ಜ್ ಕೋಟೆಯ ಸಮೀಪದ ಉಗ್ರಾಣದಿಂದ ಬ್ರಿಟಿಷ್ ಅಧಿಕಾರಿಗಳಿಗೆ ವಿಲಾಯತಿ ಮದ್ಯ, ಚುಟ್ಟಾ ಮುಂತಾದವನ್ನು ಒದಗಿಸುತ್ತಿತ್ತು. ಮದ್ರಾಸಿನಲ್ಲಿ ನಿಷೇಧ ಬಂದ ಮೂರನೆಯ ವರ್ಷಕ್ಕೆ ಮದ್ರಾಸಿನ ಮದ್ಯದ ಆಮದುಗಾರನನ್ನು ಕೊಳ್ಳುವುದೆಂದರೆ ಮೇಲ್ನೋಟಕ್ಕೆ ಹುಚ್ಚು. ಮಲ್ಯರು ಕೊಂಡದ್ದು ಉಗ್ರಾಣವನ್ನಲ್ಲ, ನೂರಿಪ್ಪತ್ತೈದು ವರ್ಷ ಹಳೆಯದಾದ ಒಂದು ಸ್ಕಾಟಿಷ್ ಹೆಸರನ್ನು. ಆ ಹೆಸರಿನ ಬೆಲೆ ಎಷ್ಟೆಂಬುದು ಹದಿನೇಳು ವರ್ಷದ ನಂತರ ಜಗತ್ತಿಗೆ ಗೊತ್ತಾಯಿತು.

ಕಬ್ಬಿನಿಂದ ವಿಸ್ಕಿ

ಇಲ್ಲಿ ಸ್ವಲ್ಪ ನಿಂತು ಪದಾರ್ಥದ ವಿಚಾರ ನೋಡಬೇಕು. ಉತ್ತರ ಬೆಂಗಳೂರಿನ ರಸಿಕರ ಮೇಜಿನ ವಾದಕ್ಕೂ ಮಲ್ಯರ ಬದುಕಿಗೂ ಗಂಟು ಬೀಳುವುದು ಇಲ್ಲಿಯೇ.

ಸ್ಕಾಟ್ಲೆಂಡಿನವರ ಸಿಂಗಲ್ ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಹುಳಿಯಿಸಿ, ತಾಮ್ರದ ಹಂಡೆಯಲ್ಲಿ ಬಟ್ಟಿ ಇಳಿಸಿ, ಕಡೇಪಕ್ಷ ಮೂರು ವರ್ಷ ಓಕ್ ಮರದ ಪೀಪಾಯಿಯಲ್ಲಿ ಇರಿಸಿದ್ದು. ಅಮೆರಿಕದ ಬರ್ಬನ್ನಿಗೆ ಧಾನ್ಯದಲ್ಲಿ ಶೇ 51ರಷ್ಟಾದರೂ ಮೆಕ್ಕೆಜೋಳ ಇರಲೇಬೇಕು, ಪೀಪಾಯಿ ಹೊಸದಾಗಿದ್ದು ಒಳಗೆ ಸುಟ್ಟು ಕರಿಮಾಡಿದ್ದಾಗಿರಬೇಕು. ಬರ್ಬನ್ನಿನ ವೆನಿಲಾ, ಸುಟ್ಟ ಸಕ್ಕರೆಯ ಪರಿಮಳ ಬಹುಪಾಲು ಆ ಕರಿದ ಮರದ್ದು. ಎರಡಕ್ಕೂ ಮೂಲ ಧಾನ್ಯವೇ.

ಐವತ್ತು, ಅರವತ್ತರ ದಶಕಗಳ ಭಾರತದಲ್ಲಿ ಧಾನ್ಯ ಎಲ್ಲಿತ್ತು? ಅಮೆರಿಕದಿಂದ ಹಡಗಿನಲ್ಲಿ ಬರುವ ಗೋಧಿಗಾಗಿ ದೇಶ ಕಾಯುತ್ತಿದ್ದ ಕಾಲ ಅದು. ಪಡಿತರದ ಸಾಲಿನಲ್ಲಿ ಜನ ನಿಂತಿರುವಾಗ ಧಾನ್ಯವನ್ನು ಹುಳಿಯಿಸಿ ಮದ್ಯ ಮಾಡುತ್ತೇವೆಂದು ಯಾವ ಉದ್ಯಮಿಯೂ ಸರ್ಕಾರದ ಮುಂದೆ ಹೋಗಿ ಹೇಳುವಂತಿರಲಿಲ್ಲ. ಹೇರಳವಾಗಿ ಇದ್ದದ್ದು ಕಾಕಂಬಿ. ಕಬ್ಬಿನ ರಸದಿಂದ ಸಕ್ಕರೆಯ ಹರಳುಗಳನ್ನು ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ಮಂಡ್ಯದ ಮೈಸೂರು ಸಕ್ಕರೆ ಕಾರ್ಖಾನೆಯಂಥ ಕಡೆಗಳಲ್ಲೆಲ್ಲ ಅದು ಹೊಳೆಯಾಗಿ ಹರಿಯುತ್ತಿತ್ತು. ಇದನ್ನು ಹುಳಿಯಿಸಿ ಎತ್ತರದ ಕಂಬಗಳಲ್ಲಿ ಬಟ್ಟಿ ಇಳಿಸಿದರೆ ಶೇ 96ರಷ್ಟು ಶುದ್ಧವಾದ, ವಾಸನೆಯಿಲ್ಲದ, ರುಚಿಯಿಲ್ಲದ ಮದ್ಯಸಾರ ಸಿಗುತ್ತದೆ. ಅದಕ್ಕೆ ಬಣ್ಣಕ್ಕೆ ಸುಟ್ಟ ಸಕ್ಕರೆ, ಪರಿಮಳಕ್ಕೆ ಸಾರ, ಒಳ್ಳೆಯ ತಯಾರಿಕೆಯಾದರೆ ಒಂದಿಷ್ಟು ಮಾಲ್ಟ್ ಸ್ಪಿರಿಟ್ ಬೆರೆಸಿ, ನೀರು ಹಾಕಿ ಶೇ 42.8ಕ್ಕೆ ಇಳಿಸಿದರೆ ಅದೇ ಭಾರತೀಯ ವಿಸ್ಕಿ. ಕಾಗದದ ಮೇಲೆ ಅದಕ್ಕೊಂದು ವಿಚಿತ್ರ ಹೆಸರೂ ಇದೆ: ಭಾರತದಲ್ಲಿ ತಯಾರಾದ ವಿದೇಶೀ ಮದ್ಯ. ಸ್ವದೇಶಿಯೂ ಹೌದು, ವಿದೇಶಿಯೂ ಹೌದು ಎನ್ನುವ ಇಂಥ ಹೆಸರು ಬೇರೆ ಯಾವ ಸರಕಿಗೂ ಇದ್ದಂತಿಲ್ಲ.

ಮೆಕ್‌ಡೊವೆಲ್ ತನ್ನ ಮೊದಲ ಬಟ್ಟಿ ಕಾರ್ಖಾನೆಯನ್ನು 1959ರಲ್ಲಿ ಕೇರಳದ ಚೇರ್ತಲದಲ್ಲಿ ತೆರೆಯಿತು. ಆಮದಿನ ಮೇಲೆ ಸರ್ಕಾರ ಬಿಗಿ ಹಿಡಿದಿದ್ದರಿಂದ ವಿಲಾಯತಿ ಬಾಟಲಿ ಸಾಮಾನ್ಯನ ಕೈಗೆಟುಕುವಂತಿರಲಿಲ್ಲ. ಆ ತೆರವಿನಲ್ಲಿ 1968ರಲ್ಲಿ ಹುಟ್ಟಿದ್ದು ಮೆಕ್‌ಡೊವೆಲ್ಸ್ ನಂಬರ್ ಒನ್ ವಿಸ್ಕಿ. ಕಾಕತಾಳೀಯವೋ ಏನೋ, ಅದೇ ವರ್ಷ ಬೆಂಗಳೂರಿನ ಖೋಡೆಯವರು ಪೀಟರ್ ಸ್ಕಾಟ್ ವಿಸ್ಕಿಯನ್ನು ಹೊರತಂದರು. ಆ ಹೆಸರಿನ ಮೇಲೆ ಸ್ಕಾಟ್ಲೆಂಡಿನ ವಿಸ್ಕಿ ತಯಾರಕರ ಸಂಘ ಹೂಡಿದ ವ್ಯಾಜ್ಯ ದಶಕಗಳ ಕಾಲ ನಡೆದು, 2008ರಲ್ಲಿ ಸುಪ್ರೀಂ ಕೋರ್ಟು ಖೋಡೆಯವರ ಪರವಾಗಿ ತೀರ್ಪಿತ್ತಿತು. ಸಂಘ ಬಹಳ ತಡವಾಗಿ ಎಚ್ಚೆತ್ತುಕೊಂಡಿತೆಂಬುದು ತೀರ್ಪಿನ ಮುಖ್ಯ ಆಧಾರಗಳಲ್ಲೊಂದು.

ಕಾಲವನ್ನು ಮಲ್ಯರು ಎಷ್ಟು ಸರಿಯಾಗಿ ಅಳೆದಿದ್ದರೆಂಬುದು ಆ ವರ್ಷಗಳಲ್ಲಿ ಕಾಣುತ್ತದೆ. 1967ರಲ್ಲಿ ಕೇರಳ ನಿಷೇಧವನ್ನು ಕೈಬಿಟ್ಟಿತು. ನಿಜಲಿಂಗಪ್ಪನವರ ಸರ್ಕಾರವಿದ್ದ ಮೈಸೂರು ರಾಜ್ಯವೂ ಅದೇ ವರ್ಷ ಅದೇ ದಾರಿ ಹಿಡಿಯಿತು. ಏಕೀಕರಣದಿಂದ ಮದ್ರಾಸ್ ಮತ್ತು ಮುಂಬಯಿ ಕಡೆಯಿಂದ ಬಂದ ಜಿಲ್ಲೆಗಳಲ್ಲಿ ನಿಷೇಧ, ಹಳೆಯ ಮೈಸೂರಿನ ಬೇರೆ ಭಾಗಗಳಲ್ಲಿ ಬೇರೆ ನಿಯಮ ಎಂಬ ಗೋಜಲು ಕೊನೆಗೊಂಡಿತು. 1971ರಲ್ಲಿ ತಮಿಳುನಾಡು ಕೂಡ ಬಾಗಿಲು ತೆರೆಯಿತು, ಎರಡು ಮೂರು ವರ್ಷದಲ್ಲಿ ಮತ್ತೆ ಮುಚ್ಚಿತು. ಬಾಗಿಲು ತೆರೆದಲ್ಲೆಲ್ಲ ಮಲ್ಯರ ಕಂಪನಿ ಮೊದಲೇ ಹೊಸಿಲಲ್ಲಿ ನಿಂತಿರುತ್ತಿತ್ತು. ಹರ್ಬರ್ಟ್‌ಸನ್ಸ್, ಕೆರ‍್ಯೂ, ಫಿಪ್ಸನ್ ಹೀಗೆ ಬಿಳಿಯರ ಹೆಸರಿನ ಹಳೆಯ ಮದ್ಯದ ಮನೆಗಳು ಒಂದೊಂದಾಗಿ ಅವರ ಸಮೂಹಕ್ಕೆ ಸೇರಿದವು. 1976ರಲ್ಲಿ ಹರ್ಬರ್ಟ್‌ಸನ್ಸ್ ಹೊರತಂದ ಬ್ಯಾಗ್‌ಪೈಪರ್ ವಿಸ್ಕಿ ಲಾರಿ ಚಾಲಕನಿಂದ ಹಿಡಿದು ಗುಮಾಸ್ತನವರೆಗೆ ಎಲ್ಲರನ್ನೂ ತಲುಪಿತು.

ಅದಕ್ಕೂ ಮುಂಚೆ, 1973ರ ವಿದೇಶಿ ವಿನಿಮಯ ನಿಯಂತ್ರಣ ಕಾನೂನು ಅವರಿಗೆ ಇನ್ನೊಂದು ಬಾಗಿಲು ತೆರೆದಿತ್ತು. ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇ 40ಕ್ಕೆ ಇಳಿಸಬೇಕಾಗಿ ಬಂದಾಗ ಅವಕ್ಕೆ ಬೇಕಾಗಿದ್ದದ್ದು ಹಣವುಳ್ಳ, ದೈನಂದಿನ ಆಡಳಿತದಲ್ಲಿ ಮೂಗು ತೂರಿಸದ ಭಾರತೀಯ ಪಾಲುದಾರ. ಮಲ್ಯರು ಅಂಥವರೆಂದು ಹೆಸರಾಗಿದ್ದರು. ಬ್ರಿಟಿಷ್ ಪೇಂಟ್ಸ್ ಕಂಪನಿಯ ಷೇರುಗಳ ದೊಡ್ಡ ಗಂಟು 1976ರಲ್ಲಿ ಅವರ ಸಮೂಹಕ್ಕೆ ಬಂದದ್ದು ಹೀಗೆ. ಮುಂದೆ ಬರ್ಜರ್ ಪೇಂಟ್ಸ್ ಆದದ್ದು ಅದೇ ಕಂಪನಿ. ಬಿಯರ್, ವಿಸ್ಕಿ, ಜಾಮ್, ಬಣ್ಣ: ಯಾವುದರ ಬಗೆಗೂ ಅವರಿಗೆ ಮೋಹವಿದ್ದಂತೆ ಕಾಣುವುದಿಲ್ಲ. ಅವರು ಓದುತ್ತಿದ್ದದ್ದು ಲೆಕ್ಕದ ಪುಟವನ್ನು.

ಇಂಥ ಮನುಷ್ಯನ ಖಾಸಗಿ ಬದುಕಿನ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಸಿಗುವುದಿಲ್ಲ. ಪತ್ರಿಕೆಗಳಿಂದ ದೂರವಿದ್ದರು. ಭಾಷಣ ಮಾಡಿದವರಲ್ಲ. ದುಂದುಗಾರಿಕೆಯನ್ನು ಸಹಿಸುತ್ತಿರಲಿಲ್ಲ ಎಂಬುದು ಅವರ ಕಾಲದ ಉದ್ಯಮ ವಲಯದಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು. ತೆರಿಗೆ ಕಾನೂನು, ಕಂಪನಿ ಕಾನೂನುಗಳಲ್ಲಿ ವಕೀಲರನ್ನೇ ತಬ್ಬಿಬ್ಬು ಮಾಡುವಷ್ಟು ಪಳಗಿದ್ದರಂತೆ. ಲಲಿತಾ ಅವರೊಂದಿಗಿನ ವಿವಾಹದಿಂದ 1955ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಮಗ ವಿಜಯ್ ಹುಟ್ಟಿದರು.

ಮೊರಾರ್ಜಿ ಬಂದರು

1977ರ ಮಾರ್ಚಿನಲ್ಲಿ ಜನತಾ ಪಕ್ಷ ಅಧಿಕಾರಕ್ಕೆ ಬಂದು ಮೊರಾರ್ಜಿ ದೇಸಾಯಿ ಪ್ರಧಾನಿಯಾದಾಗ ಮದ್ಯೋದ್ಯಮ ನಡುಗಿತು. ಮುಂಬಯಿಯಲ್ಲಿ ನಿಷೇಧವನ್ನು ಕಟ್ಟುನಿಟ್ಟಾಗಿ ನಡೆಸಿದ್ದ ಮೊರಾರ್ಜಿಯವರು ನಾಲ್ಕು ವರ್ಷಗಳಲ್ಲಿ ಇಡೀ ದೇಶವನ್ನೇ ಪಾನಮುಕ್ತವಾಗಿಸುವ ಗುರಿ ಘೋಷಿಸಿದರು. ಇದು ಒಂದು ರಾಜ್ಯದ ಮಾತಾಗಿರಲಿಲ್ಲ. ಮೂವತ್ತು ವರ್ಷ ಮಲ್ಯರು ಯಾವ ಲೆಕ್ಕದ ಮೇಲೆ ಬದುಕು ಕಟ್ಟಿದ್ದರೋ ಆ ಲೆಕ್ಕವೇ ತಪ್ಪಾಗುವ ಸಂದರ್ಭ ಮೊದಲ ಬಾರಿಗೆ ಬಂದಿತ್ತು.

ಅವರು ಮಾರಿ ಹೊರಡಲಿಲ್ಲ. ಹಳೆಯ ಕಿಂಗ್‌ಫಿಷರ್ ಹೆಸರಿಗೆ ಮರುಜೀವ ಕೊಟ್ಟು ಬಿಯರನ್ನು ಮಾರುಕಟ್ಟೆಗೆ ಬಿಟ್ಟದ್ದು 1978ರಲ್ಲಿ, ಅಂದರೆ ಮೊರಾರ್ಜಿಯವರು ಅಧಿಕಾರದಲ್ಲಿದ್ದಾಗಲೇ. ಆ ಮರುಹುಟ್ಟಿನ ಹಿರಿಮೆ ಸಾಮಾನ್ಯವಾಗಿ ಆಗಷ್ಟೇ ಕಂಪನಿಗೆ ಬಂದಿದ್ದ ಮಗನಿಗೆ ಸಲ್ಲುತ್ತದೆ. ಒಪ್ಪಿಗೆಯ ಸಹಿ ತಂದೆಯದೇ ಇದ್ದಿರಬೇಕು. 1979ರಲ್ಲಿ ಜನತಾ ಸರ್ಕಾರ ಬಿದ್ದಿತು. ಮಲ್ಯರ ಲೆಕ್ಕ ಮತ್ತೊಮ್ಮೆ ಸರಿಯಾಯಿತು.

ಈ ಲೆಕ್ಕದ ಇನ್ನೊಂದು ಬದಿಯನ್ನು ಬರೆಯದೆ ಬಿಡುವುದು ಅಪ್ರಾಮಾಣಿಕವಾದೀತು. ನಿಷೇಧ ಕೇಳುತ್ತಿದ್ದವರು ಹುಚ್ಚರಾಗಿರಲಿಲ್ಲ. ವಾರದ ಕೂಲಿ ಮನೆ ಸೇರದ ಸಂಸಾರಗಳು ಯಶವಂತಪುರದ ಕಾರ್ಮಿಕರ ಓಣಿಗಳಲ್ಲಿ ಎಷ್ಟಿದ್ದವೋ ಬಂಟ್ವಾಳದ ಹೆಂಚಿನ ಕಾರ್ಖಾನೆಗಳ ಸುತ್ತಲೂ ಅಷ್ಟೇ ಇದ್ದವು. ನಿಷೇಧ ಬೇಡವೆಂದವರು ಕಳ್ಳಬಟ್ಟಿಯ ಸಾವುಗಳನ್ನು ತೋರಿಸುತ್ತಿದ್ದರು. ಅವರೂ ಸುಳ್ಳು ಹೇಳುತ್ತಿರಲಿಲ್ಲ. 1981ರ ಜುಲೈನಲ್ಲಿ, ನಿಷೇಧವಿಲ್ಲದ ಬೆಂಗಳೂರಿನಲ್ಲಿಯೇ ಮೆಥನಾಲ್ ಬೆರೆತ ಅಕ್ರಮ ಮದ್ಯ ಕುಡಿದು ಸತ್ತವರ ಸಂಖ್ಯೆ ಮುನ್ನೂರು ದಾಟಿತು. ಸತ್ತವರು ಮಲ್ಯರ ಗಿರಾಕಿಗಳಾಗಿರಲಿಲ್ಲ, ಅವರ ಬಾಟಲಿಯನ್ನು ಕೊಳ್ಳುವ ಶಕ್ತಿಯಿಲ್ಲದ ಬಡವರು. ಮುದ್ರೆಯೊತ್ತಿದ ಬಾಟಲಿಯ ಮದ್ಯ ಕನಿಷ್ಠ ಕಣ್ಣು ತೆಗೆಯುವುದಿಲ್ಲ ಎಂಬ ವಾದಕ್ಕೆ ಆ ದುರಂತ ಬಲ ತಂದಿತು. ಬಾಟಲಿಯ ಮದ್ಯ ಕುಡಿದವರ ಯಕೃತ್ತುಗಳ ಲೆಕ್ಕವನ್ನು ಮಾತ್ರ ಯಾವ ಅಢಾವೆ ಪತ್ರಿಕೆಯೂ ತೋರಿಸಲಿಲ್ಲ. ಮುಂದೆ 2007ರ ಜುಲೈನಲ್ಲಿ ಕರ್ನಾಟಕ ಸಾರಾಯಿಯನ್ನು ನಿಷೇಧಿಸಿದಾಗ ಬಡವನೂ ಅಗ್ಗದ ವಿಸ್ಕಿಯ ಗಿರಾಕಿಯಾದ. ಇಂದು ರಾಜ್ಯದ ಸ್ವಂತ ತೆರಿಗೆಗಳಲ್ಲಿ ಅಬಕಾರಿಯ ಪಾಲು ಎಷ್ಟು ದೊಡ್ಡದೆಂದರೆ, 47ನೆಯ ವಿಧಿಯನ್ನು ನೆನೆಯಲು ಯಾವ ಅರ್ಥಸಚಿವರಿಗೂ ಧೈರ್ಯ ಬರುವಂತಿಲ್ಲ. ಮಲ್ಯರು 1948ರಲ್ಲಿ ಊಹಿಸಿದ್ದು ಇದನ್ನೇ.

1983ರ ಅಕ್ಟೋಬರ್ 13ರಂದು ವಿಠಲ್ ಮಲ್ಯ ಹಠಾತ್ತನೆ ತೀರಿಕೊಂಡರು. ಐವತ್ತೊಂಬತ್ತು ವರ್ಷ. ಇಪ್ಪತ್ತೆಂಟು ತುಂಬದ ಮಗ ಸಮೂಹದ ಅಧ್ಯಕ್ಷರಾದರು. ನಗರದ ಗ್ರಾಂಟ್ ರಸ್ತೆ ವಿಠಲ್ ಮಲ್ಯ ರಸ್ತೆಯಾಯಿತು. ಅದೇ ರಸ್ತೆಯಲ್ಲಿ ಮಲ್ಯ ಆಸ್ಪತ್ರೆ ಬಂತು. ವಿಠಲ್ ಮಲ್ಯ ವೈಜ್ಞಾನಿಕ ಸಂಶೋಧನಾ ಪ್ರತಿಷ್ಠಾನ ಸ್ಥಾಪನೆಯಾಯಿತು. 1984ರಲ್ಲಿ ಆರಂಭವಾದ ಅದಿತಿ ಶಾಲೆ ಮಲ್ಯ ಹೆಸರನ್ನು ಜೋಡಿಸಿಕೊಂಡು ಯಲಹಂಕ ಉಪನಗರದಲ್ಲಿ ನೆಲೆಯೂರಿತು. ಪ್ರತಿದಿನ ಬೆಳಿಗ್ಗೆ ಅದರ ಹಳದಿ ಬಸ್ಸುಗಳ ಹಿಂದೆ ಕಾರು ನಿಲ್ಲಿಸಿಕೊಂಡು ಗೊಣಗುವ ಯಲಹಂಕದವರಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಹಿಂದಿನ ಕಥೆ ಗೊತ್ತಿದೆಯೋ.

ಮುಂದಿನದು ಎಲ್ಲರಿಗೂ ತಿಳಿದಿರುವ ವಿಷಯ, ದೀರ್ಘವಾಗಿ ಹೇಳಬೇಕಾಗಿಲ್ಲ. ಕಿಸಾನ್ 1993ರಲ್ಲಿ ಮಾರಾಟವಾಯಿತು. ಹಳೆಯ ಬಿಯರ್ ಕಾರ್ಖಾನೆಯಿದ್ದ ಜಾಗದಲ್ಲಿ ಯುಬಿ ಸಿಟಿ ಎದ್ದಿತು. ಮೆಕ್‌ಡೊವೆಲ್ ಕಂಪನಿ 2006ರಲ್ಲಿ ಯುನೈಟೆಡ್ ಸ್ಪಿರಿಟ್ಸ್ ಎಂದು ಹೆಸರು ಬದಲಿಸಿಕೊಂಡಿತು. ಮರುವರ್ಷ ಸ್ಕಾಟ್ಲೆಂಡಿನ ವೈಟ್ ಅಂಡ್ ಮೆಕೆ ಕಂಪನಿಯನ್ನೇ ಕೊಂಡು, ಸ್ಕಾಟ್ ಹೆಸರುಗಳನ್ನು ಕೊಳ್ಳುತ್ತ ಬೆಳೆದ ಸಮೂಹ ಕಡೆಗೆ ಸ್ಕಾಟ್ಲೆಂಡಿನ ಬಟ್ಟಿಗಳಿಗೂ ಒಡೆಯನಾಯಿತು. ವಿಮಾನಯಾನದ ಸಾಲ ಎಲ್ಲವನ್ನೂ ನುಂಗಿತು. 2014ರ ಹೊತ್ತಿಗೆ ಯುನೈಟೆಡ್ ಸ್ಪಿರಿಟ್ಸ್ ಬ್ರಿಟನ್ನಿನ ಡಿಯಾಜಿಯೊ ವಶವಾಯಿತು, ವೈಟ್ ಅಂಡ್ ಮೆಕೆ ಬೇರೆಯವರಿಗೆ ಹೋಯಿತು. 2021ರಲ್ಲಿ ಯುನೈಟೆಡ್ ಬ್ರೂವರೀಸಿನ ಬಹುಪಾಲು ಷೇರು ನೆದರ್ಲೆಂಡ್ಸಿನ ಹೈನೆಕೆನ್ ಪಾಲಾಯಿತು. 1947ರಲ್ಲಿ ಬಿಳಿಯರಿಂದ ಬಂದದ್ದು ಎಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಮತ್ತೆ ಅವರ ಕಡೆಗೇ ಹೋಯಿತು.

ವಿಸ್ಕಿಯ ಕಥೆ ಮಾತ್ರ ಬೇರೆ ದಾರಿ ಹಿಡಿಯಿತು. ಮಲ್ಯರು ಮೆಕ್‌ಡೊವೆಲ್ ಕೊಳ್ಳುವ ಮೂರು ವರ್ಷ ಮುಂಚೆ, 1948ರಲ್ಲಿ, ಬೆಂಗಳೂರಿನಲ್ಲಿ ಜೆ.ಎನ್. ರಾಧಾಕೃಷ್ಣ ಜಗದಾಳೆ ಅವರು ಅಮೃತ್ ಡಿಸ್ಟಿಲರೀಸ್ ಆರಂಭಿಸಿದ್ದರು. ಅದೂ ಬಹುಕಾಲ ಕಾಕಂಬಿಯ ದಾರಿಯಲ್ಲೇ ನಡೆದು, ಸೇನೆಯ ಕ್ಯಾಂಟೀನುಗಳಿಗೆ ರಮ್ ಒದಗಿಸಿತು. ಅವರ ಮಗ ನೀಲಕಂಠ ಜಗದಾಳೆ ಎಂಬತ್ತರ ದಶಕದಲ್ಲಿ ಬಾರ್ಲಿ ಮಾಲ್ಟಿನ ಕಡೆಗೆ ತಿರುಗಿದರು. ಮೈಸೂರು ರಸ್ತೆಯ ಕಂಬೀಪುರದಲ್ಲಿ ಪೀಪಾಯಿಗಳಿಗೆ ಇಳಿದ ಆ ಮಾಲ್ಟ್ 2004ರ ಆಗಸ್ಟ್ 24ರಂದು ಗ್ಲಾಸ್ಗೋದಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಆಗಿ ಬಿಡುಗಡೆಯಾಯಿತು. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಆವಿಯಾಗಿ ಹೋಗುವುದು ಶೇ 2ರಷ್ಟು. ಬೆಂಗಳೂರಿನ ಹವೆಯಲ್ಲಿ ಶೇ 10ರಿಂದ 12. ನಷ್ಟ ಜಾಸ್ತಿ, ಆದರೆ ಮರದ ಗುಣ ಬೇಗ ಇಳಿಯುತ್ತದೆ. ಹೀಗಾಗಿ ನಮ್ಮಲ್ಲಿ ನಾಲ್ಕೈದು ವರ್ಷದಲ್ಲೇ ಪಕ್ವವಾಗುವ ವಿಸ್ಕಿಗೆ ಅಲ್ಲಿ ಎರಡು ಮೂರು ಪಟ್ಟು ಕಾಲ ಬೇಕು. 2010ರಲ್ಲಿ ಜಿಮ್ ಮರ್ರೆ ಎಂಬ ಬ್ರಿಟಿಷ್ ಪರೀಕ್ಷಕರು ಅಮೃತ್ ಫ್ಯೂಷನ್‌ಗೆ ನೂರಕ್ಕೆ 97 ಅಂಕ ಕೊಟ್ಟು ಜಗತ್ತಿನಲ್ಲೇ ಮೂರನೆಯ ಸ್ಥಾನದಲ್ಲಿಟ್ಟ ಮೇಲೆ ನಮ್ಮ ರಸಿಕರಿಗೂ ಅದು ಕಣ್ಣಿಗೆ ಬಿತ್ತು. ಬೆಂಗಳೂರಿನ ಜಾನ್ ಡಿಸ್ಟಿಲರೀಸ್ ಗೋವಾದಲ್ಲಿ ಬಟ್ಟಿ ಇಳಿಸುವ ಪಾಲ್ ಜಾನ್ 2012ರಲ್ಲಿ ಜೊತೆಗೂಡಿತು.

ವಿಠಲ್ ಮಲ್ಯರ ಕಾಕಂಬಿಯ ವಿಸ್ಕಿಯನ್ನು ಐರೋಪ್ಯ ದೇಶಗಳಲ್ಲಿ ವಿಸ್ಕಿ ಎಂಬ ಹೆಸರಿನಲ್ಲಿ ಮಾರಲು ಕಾನೂನು ಬಿಡುವುದಿಲ್ಲ. ರುಚಿಯ ದೃಷ್ಟಿಯಿಂದ ಆ ಕಾನೂನು ಅನ್ಯಾಯದ್ದೆಂದು ಹೇಳಲು ನಮಗೂ ಮನಸ್ಸಿಲ್ಲ. ಬರ್ಬನ್ ಪಕ್ಕದಲ್ಲಿಟ್ಟು ಮೂಸಿದರೆ ಅದು ನಿಲ್ಲುವಂಥದ್ದಲ್ಲ. ಆದರೆ ಅದನ್ನು ಮೋಸವೆಂದು ತಳ್ಳಿಹಾಕುವವರು 1968ರ ಪಡಿತರ ಚೀಟಿಯನ್ನೂ ಮೇಜಿನ ಮೇಲಿಟ್ಟುಕೊಂಡು ಮಾತನಾಡಬೇಕು. ಧಾನ್ಯವಿಲ್ಲದ ದೇಶ ತನ್ನಲ್ಲಿದ್ದ ಕಬ್ಬಿನಿಂದ ಮಾಡಿಕೊಂಡ ಪಾನೀಯ ಅದು. ವಿಸ್ಕಿಯ ಅಭಿರುಚಿ, ಅದನ್ನು ಬಾಟಲಿಗೆ ತುಂಬುವ ಕಾರ್ಖಾನೆ, ಅಂಗಡಿಗೆ ತಲುಪಿಸುವ ವ್ಯವಸ್ಥೆ ಎಲ್ಲವೂ ದೇಶದ ಉದ್ದಗಲಕ್ಕೆ ಹರಡಿದ್ದು ಅದರಿಂದಲೇ. ಆ ನೆಲ ಹದವಾಗಿದ್ದರಿಂದಲೇ ಮುಂದೆ ಬಾರ್ಲಿಯವರು ಬಿತ್ತಲು ಸಾಧ್ಯವಾಯಿತು.

2022 ಮತ್ತು 2023ರಲ್ಲಿ ಮೆಕ್‌ಡೊವೆಲ್ಸ್ ಮಾರಾಟ ವರ್ಷಕ್ಕೆ ಮೂರು ಕೋಟಿ ಪೆಟ್ಟಿಗೆಗಳನ್ನು ದಾಟಿತು. ಸಂಖ್ಯೆಯ ಲೆಕ್ಕದಲ್ಲಿ ಜಗತ್ತಿನ ಯಾವ ಸ್ಕಾಚ್, ಯಾವ ಬರ್ಬನ್ನೂ ಅದರ ಹತ್ತಿರ ಸುಳಿಯಲಿಲ್ಲ. ಆ ಪೆಟ್ಟಿಗೆಗಳಲ್ಲಿ ಎಷ್ಟೋ ಯಶವಂತಪುರ, ಹೆಬ್ಬಾಳ, ಯಲಹಂಕದ ಮುಖ್ಯರಸ್ತೆಗಳ ವೈನ್ ಅಂಗಡಿಗಳಲ್ಲಿ ಸಂಜೆ ಆರರ ನಂತರ ಕ್ವಾರ್ಟರ್ ಬಾಟಲಿಗಳಾಗಿ ಖಾಲಿಯಾಗುತ್ತವೆ. ಎರಡು ಬೀದಿ ಆಚೆಗಿನ ಮೇಜಿನ ಮೇಲೆ ಆ ಹೊತ್ತಿಗೆ ಬರ್ಬನ್ ತೆರೆದಿರುತ್ತದೆ.